ಮನೆಗೆಲಸದವರ ಮಗಳನ್ನು ಬೇಸಿಗೆ ರಜೆಗೆ ಊರಿಗೆ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಹತ್ತಿರ. ಪ್ರತಿ ಮೇ ತಿಂಗಳಲ್ಲಿ ಮಕ್ಕಳೊಂದಿಗೆ ಅತ್ತೆಯ ಮನೆಗೆ ಹೋಗುತ್ತೇವೆ. ನಮ್ಮಲ್ಲಿ ಮನೆಗೆಲಸಕ್ಕೆ ಬರುವವರು ಯಾದಗಿರಿ ಕಡೆಯವರು. ಅವರ ಹತ್ತು ವರ್ಷದ ಮಗಳು ರಜೆಯಿಡೀ ಒಂದು ಕೋಣೆಯಲ್ಲಿ ಕಳೆಯುತ್ತಾಳೆ. ಈ ಸಲ ಅವಳನ್ನೂ ಎರಡು ವಾರ ಕರೆದುಕೊಂಡು ಹೋಗೋಣ ಎಂದು ನನ್ನ ಮಗಳು ಹಟ ಹಿಡಿದಿದ್ದಾಳೆ. ಕಾನೂನಿನ ತೊಡಕೇನಾದರೂ ಇದೆಯೇ? ಬೇರೆ ಏನೇನು ಯೋಚಿಸಬೇಕು?

ಉತ್ತರ: ಕರೆದುಕೊಂಡು ಹೋಗಿ. ತಂದೆತಾಯಿ ಮನಸಾರೆ ಒಪ್ಪಿದರೆ ಕಾನೂನು ಅಡ್ಡ ಬರುವುದಿಲ್ಲ. ಆದರೆ ಅವರನ್ನು ಕೇಳುವುದಕ್ಕಿಂತ ಮುಂಚೆ ನಿಮ್ಮ ಅತ್ತೆಯ ಮನೆಯಲ್ಲಿ ಒಂದು ಮಾತು ಇತ್ಯರ್ಥವಾಗಬೇಕು. ಆ ಹುಡುಗಿ ನಿಮ್ಮ ಮಗಳ ಪಕ್ಕದಲ್ಲೇ ಕುಳಿತು, ಅದೇ ಬಗೆಯ ತಟ್ಟೆಯಲ್ಲಿ, ಅದೇ ಹೊತ್ತಿಗೆ ಉಣ್ಣುತ್ತಾಳೆಯೇ? ದೇವರ ಕೋಣೆಗೂ ಅಡುಗೆಮನೆಗೂ ನಿಮ್ಮ ಮಗಳಂತೆಯೇ ಓಡಾಡುತ್ತಾಳೆಯೇ? ಇದಕ್ಕೆ ಸ್ಪಷ್ಟವಾಗಿ ಹೌದು ಎನ್ನಲಾಗದಿದ್ದರೆ ದಯವಿಟ್ಟು ಕರೆಯಬೇಡಿ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಊರಿಗೆ ಕಾಲಿಟ್ಟ ಗಳಿಗೆಯಲ್ಲೇ ಯಾರಾದರೂ ‘ಇವಳು ಯಾರ ಮಗಳು, ಯಾವ ಜನ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳುವವರಿಗೆ ಅದು ಸಹಜ ಕುತೂಹಲ. ಕೇಳಿಸಿಕೊಳ್ಳುವ ಹುಡುಗಿಗೆ ಮಾತ್ರ ಆ ಸ್ವರ ಹೊಸದಲ್ಲ, ತಕ್ಷಣ ಅರ್ಥವಾಗುತ್ತದೆ. ಒಂದು ಲೋಟ ಬೇರೆ ಇಟ್ಟರೂ ಆ ಎರಡು ವಾರದಲ್ಲಿ ಅವಳು ಕಲಿಯುವುದು ಅದನ್ನೇ. ನಿಮ್ಮ ಅತ್ತೆಯವರೊಡನೆ ಈ ಮಾತನ್ನು ನೀವಲ್ಲ, ನಿಮ್ಮ ಯಜಮಾನರು ಆಡಬೇಕು. ಫೋನಿನಲ್ಲಿ, ಮೂರ್ನಾಲ್ಕು ತಿಂಗಳು ಮೊದಲೇ, ಬಿಡಿಸಿ ಆಡಬೇಕು. ಕರಾವಳಿಯ ಹುಡುಗರು ಬರಿಗೈಯಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿದ ಕಾಲ ತೀರಾ ಹಳೆಯದಲ್ಲ. ನಿಮ್ಮ ಕುಟುಂಬದಲ್ಲೂ ಅಂಥ ಹಿರಿಯರು ಒಬ್ಬರಾದರೂ ಇರಬಹುದು. ಮಲಗಲು ಜಾಗ, ಉಣ್ಣಲು ಅನ್ನ ಕೊಟ್ಟ ಯಾರದೋ ಮನೆಯನ್ನು ಅವರು ಸಾಯುವವರೆಗೂ ನೆನೆದಿರುತ್ತಾರೆ. ಅತ್ತೆಯವರಿಗೆ ಅದನ್ನು ನೆನಪಿಸಿ.

ಆ ಹುಡುಗಿಗೆ ರಜೆ ಹೇಗಿರುತ್ತದೆ ಎಂಬುದನ್ನೂ ಸ್ವಲ್ಪ ನೋಡೋಣ. ಶಾಲೆ ಮುಚ್ಚಿದರೆ ಮಧ್ಯಾಹ್ನದ ಬಿಸಿಯೂಟವೂ ನಿಲ್ಲುತ್ತದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿತು. ಆದರೆ ನಗರದ ಝೋಪಡಪಟ್ಟಿ ಬರಪೀಡಿತ ಪ್ರದೇಶವಲ್ಲ. ತಾಯಿ ಬೆಳಿಗ್ಗೆ ಮನೆ ಬಿಟ್ಟರೆ ನಾಲ್ಕಾರು ಮನೆಗಳ ಕೆಲಸ ಮುಗಿಸಿ ಬರುವುದು ಮಧ್ಯಾಹ್ನ ಮೀರಿ. ತಲೆಯ ಮೇಲೆ ಸಿಮೆಂಟ್ ಶೀಟು, ಮೇ ತಿಂಗಳ ಸೆಕೆ, ಕಂಕುಳಲ್ಲಿ ತಮ್ಮನೋ ತಂಗಿಯೋ. ಹತ್ತು ವರ್ಷದ ಹುಡುಗಿ ರಜೆಯಲ್ಲಿ ಹೆಚ್ಚಾಗಿ ಮನೆಯ ಎರಡನೆಯ ತಾಯಿಯಾಗಿರುತ್ತಾಳೆ.

ಆದ್ದರಿಂದ ಅವಳ ಅಮ್ಮನ ಬಳಿ ಮೊದಲು ಎರಡು ಸಂಗತಿ ವಿಚಾರಿಸಿ. ಮೇ ತಿಂಗಳಲ್ಲಿ ಅವರೇ ಊರಿಗೆ ಹೋಗುವವರಿದ್ದಾರೆಯೇ? ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳು ಜಾತ್ರೆಗೋ ಮದುವೆಗೋ ಬೇಸಿಗೆಯಲ್ಲಿ ಊರಿಗೆ ಹೋಗುತ್ತವೆ. ಅವಳಿಗೂ ಒಬ್ಬ ಅಜ್ಜಿ ಇರಬಹುದು, ಅವಳಿಗಾಗಿ ಕಾಯುತ್ತಿರಬಹುದು. ನಿಮ್ಮ ಆಹ್ವಾನ ಆ ಭೇಟಿಯನ್ನು ತಪ್ಪಿಸಬಾರದು. ಇನ್ನೊಂದು, ಅವಳು ಬಂದರೆ ಮನೆಯ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ನೀವೂ ಊರಿಗೆ ಹೋಗಿರುತ್ತೀರಿ. ಆ ದಿನಗಳ ಸಂಬಳ ಕಡಿತವಾಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಹುಡುಗಿಯನ್ನು ಕಳಿಸದಿದ್ದರೂ ಸಂಬಳ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರಬೇಕು. ಯಾಕೆಂದರೆ ನಿಮ್ಮ ಮನೆಯ ಕೆಲಸವನ್ನು ನೆಚ್ಚಿಕೊಂಡ ತಾಯಿಗೆ ನಿಮಗೆ ‘ಬೇಡ ಅಕ್ಕ’ ಎನ್ನುವುದು ಸುಲಭವಲ್ಲ. ಅವರು ತಲೆಯಾಡಿಸಿದ ಮಾತ್ರಕ್ಕೆ ಒಪ್ಪಿದರೆಂದು ತಿಳಿಯಬೇಡಿ. ವಾರ ಬಿಟ್ಟು ಮತ್ತೆ ಕೇಳಿ, ಅವಳ ತಂದೆಯೊಡನೆ ನೇರವಾಗಿ ಮಾತಾಡಿ. ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ತಮ್ಮ ಮಗಳನ್ನು ಒಪ್ಪಿಸುವವರು ನಿಮ್ಮ ಮನೆಯ ಮೂಲೆಮೂಲೆಯನ್ನು ಬಲ್ಲರು. ನೀವು ಅವರ ಬಾಗಿಲನ್ನೂ ನೋಡಿರುವುದಿಲ್ಲ.

ಹುಡುಗಿಯನ್ನೂ ಕೇಳಿ. ನಿಮ್ಮ ಮಗಳ ಹಟ ಒಂದು, ಅವಳ ಆಸೆ ಇನ್ನೊಂದು. ಒಂದು ಭಾನುವಾರ ಮನೆಗೆ ಕರೆಯಿರಿ, ಆಮೇಲೆ ಒಂದು ರಾತ್ರಿ ಉಳಿಸಿಕೊಳ್ಳಿ. ಅಮ್ಮನನ್ನು ಬಿಟ್ಟು ಮಲಗಲಾಗದ ಮಗುವೋ ಅಲ್ಲವೋ ಎಂಬುದು ಡೊಂಬಿವಲಿಯಲ್ಲೇ ತಿಳಿದುಬಿಡಲಿ.

ನಗರದ ಬಡ ಮಕ್ಕಳನ್ನು ಬೇಸಿಗೆಗೆ ಹಳ್ಳಿಗೆ ಕಳಿಸುವ ಏರ್ಪಾಡು ಹೊರದೇಶಗಳಲ್ಲಿ ಹಳೆಯದು. ಜ್ಯೂರಿಕ್‌ನ ಪಾದ್ರಿ ವಾಲ್ಟರ್ ಬಿಯೋನ್ 1876ರಲ್ಲಿ ನಗರದ ಮಕ್ಕಳನ್ನು ಆಪೆನ್‌ಜೆಲ್ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಮರುವರ್ಷ, 1877ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಶೆರ್ಮನ್ ಎಂಬ ಸಣ್ಣ ಊರಿನ ಪಾದ್ರಿ ವಿಲ್ಲರ್ಡ್ ಪಾರ್ಸನ್ಸ್, ನ್ಯೂಯಾರ್ಕಿನ ಇಕ್ಕಟ್ಟಾದ ವಠಾರಗಳ ಮಕ್ಕಳಿಗೆ ನಿಮ್ಮ ಮನೆಯಲ್ಲಿ ಜಾಗ ಕೊಡಿ ಎಂದು ತಮ್ಮ ಊರಿನವರನ್ನು ಕೇಳಿಕೊಂಡರು. ಕ್ಷಯ ಹಬ್ಬಿದ್ದ ಕಾಲ. ಒಳ್ಳೆಯ ಗಾಳಿಯೇ ಔಷಧ ಎಂದು ನಂಬಿದ್ದರು. ಅದೇ ಮುಂದೆ ‘ಫ್ರೆಶ್ ಏರ್ ಫಂಡ್’ ಆಯಿತು, ಇಂದಿಗೂ ನಡೆಯುತ್ತಿದೆ. 1986ರ ಚೆರ್ನೋಬಿಲ್ ದುರಂತದ ನಂತರದ ವರ್ಷಗಳಲ್ಲಿ ಬೆಲಾರೂಸಿನ ಮಕ್ಕಳನ್ನು ಐರ್ಲೆಂಡ್, ಇಟಲಿಯ ಕುಟುಂಬಗಳು ಬೇಸಿಗೆಗೆ ಕರೆಸಿಕೊಂಡವು. ಇಂಥ ಕಡೆಗಳಲ್ಲಿ ಅದೇ ಮಗು ಅದೇ ಮನೆಗೆ ವರ್ಷ ವರ್ಷವೂ ಹೋಗಿ, ದೊಡ್ಡದಾದ ಮೇಲೂ ಸಂಬಂಧ ಉಳಿಸಿಕೊಂಡದ್ದುಂಟು. ಬಡ ಮಗುವಿನ ಮನೆ ಕತ್ತಲು, ಕರೆದವರ ಮನೆ ಬೆಳಕು ಎಂಬ ಭಾವನೆಯನ್ನು ಇವು ಬಿತ್ತುತ್ತವೆ ಎಂಬ ಟೀಕೆಯೂ ಇದೆ. ಆ ಟೀಕೆ ನನಗೆ ಸರಿ ಎನಿಸುತ್ತದೆ. ಅವಳ ಮನೆಯಲ್ಲಿ ಇಲ್ಲದ್ದರ ಬಗ್ಗೆ ನಿಮ್ಮ ಊರಿನ ಮನೆಯಲ್ಲಿ ಯಾರೂ ಮಾತೆತ್ತದಂತೆ ನೋಡಿಕೊಳ್ಳಿ.

ಈಗ ಕಾನೂನು. ತಂದೆತಾಯಿಯ ಒಪ್ಪಿಗೆಯಿಂದ ಮಗುವನ್ನು ರಜೆಗೆ ಕರೆದೊಯ್ಯುವುದು ದತ್ತುವೂ ಅಲ್ಲ, ಪೋಷಕತ್ವವೂ ಅಲ್ಲ. ಒಪ್ಪಿಗೆ ಇಲ್ಲದೆ ಕರೆದೊಯ್ದರೆ ಮಾತ್ರ ಅದು ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್ ಪ್ರಕಾರ ಅಪಹರಣ. ಹಾಗಾಗಿ ಒಪ್ಪಿಗೆ ಬರಹದಲ್ಲಿರಲಿ. ಸಾದಾ ಹಾಳೆ ಸಾಕು: ಮಗುವಿನ ಹೆಸರು, ವಯಸ್ಸು, ಹೋಗುವ ಬರುವ ದಿನಾಂಕ, ಉಳಿಯುವ ಮನೆಯ ವಿಳಾಸ, ಎರಡೂ ಕಡೆಯ ಮೊಬೈಲ್ ಸಂಖ್ಯೆ, ತುರ್ತು ಬಂದರೆ ವೈದ್ಯರಿಗೆ ತೋರಿಸಬಹುದು ಎಂಬ ಒಂದು ಸಾಲು, ತಂದೆತಾಯಿ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು. ಅವರಿಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ. ಓದಲು ಬಾರದಿದ್ದರೆ ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಯಲ್ಲಿ ಕೊಡಿ. ಮಗುವಿನ ಆಧಾರ್ ಪ್ರತಿಯೂ ನಿಮ್ಮ ಜೊತೆ ಇರಲಿ. ಮಕ್ಕಳ ಸಾಗಾಣಿಕೆ ತಡೆಯಲು ರೈಲ್ವೆ ರಕ್ಷಣಾ ಪಡೆಯವರು ನಿಲ್ದಾಣಗಳಲ್ಲಿ ಕಣ್ಣಿಟ್ಟಿರುತ್ತಾರೆ. ಸಂಬಂಧಿಕರಲ್ಲದವರ ಜೊತೆ ಮಗುವನ್ನು ಕಂಡು ವಿಚಾರಿಸಿದರೆ ಬೇಸರಿಸಬೇಡಿ, ಅವರು ಹಾಗೆ ವಿಚಾರಿಸುವುದರಿಂದಲೇ ಎಷ್ಟೋ ಮಕ್ಕಳು ಮನೆ ಸೇರಿದ್ದಾರೆ. ಚೀಟಿ ತೋರಿಸಿ, ತಾಯಿಗೆ ಫೋನ್ ಮಾಡಿಕೊಡಿ.

ಬಾಲಗೃಹದಲ್ಲಿರುವ ಮಗುವಾದರೆ ದಾರಿ ಪೂರ್ತಿ ಬೇರೆ. ಅಲ್ಲಿ ಅಧೀಕ್ಷಕರ ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಡಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಅಂಥ ಮಗುವನ್ನು ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುವ ಪೋಷಕ ಕುಟುಂಬವಾಗಲು ಬಯಸುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು.

ಕಾನೂನಿನಲ್ಲಿ ಇನ್ನೊಂದು ಎಳೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ; 2016ರ ತಿದ್ದುಪಡಿಯ ನಂತರ ಅವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ರಜೆಯಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಬಹುದು ಎಂಬ ವಿನಾಯಿತಿ ಇದೆ, ಆದರೆ ನೀವು ಅವಳ ಕುಟುಂಬವಲ್ಲ. ನೀವು ಕೆಲಸಕ್ಕಾಗಿ ಕರೆಯುತ್ತಿಲ್ಲ ಎಂಬುದು ನನಗೆ ಗೊತ್ತು. ಆದರೂ ಊರಿನ ದೊಡ್ಡ ಮನೆಯಲ್ಲಿ, ನೆಂಟರಿಷ್ಟರ ನಡುವೆ, ‘ಸ್ವಲ್ಪ ಆ ಮಗುವನ್ನು ಎತ್ತಿಕೋ’, ‘ಸ್ವಲ್ಪ ಅಂಗಳ ಗುಡಿಸು’ ಎಂದು ಶುರುವಾಗುವುದಕ್ಕೆ ಹೊತ್ತು ಬೇಕಿಲ್ಲ. ನಾವು ಒಮ್ಮೆ ಕರೆದೊಯ್ದ ಹುಡುಗಿ ಮೊದಲ ದಿನ ಊಟವಾದೊಡನೆ ತನ್ನ ತಟ್ಟೆ ಎತ್ತಿಕೊಂಡು ಹೊರಗಿನ ಒಗೆಯುವ ಕಲ್ಲಿನ ಹತ್ತಿರ ಹೋದಳು. ತಿರುಗಿ ಬಂದು, ಯಾರೂ ಹೇಳದೆಯೇ, ಎಲ್ಲರ ತಟ್ಟೆಗಳನ್ನೂ ಒಂದರ ಮೇಲೊಂದು ಪೇರಿಸತೊಡಗಿದಳು. ದೊಡ್ಡ ತಟ್ಟೆ ಕೆಳಗೆ, ಲೋಟಗಳು ಬದಿಗೆ. ಅಮ್ಮನ ಕೈ ನೋಡಿ ಕಲಿತ ಅಚ್ಚುಕಟ್ಟು. ನನ್ನ ತಾಯಿ ಅವಳ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು, ‘ಇಲ್ಲಿ ಅವರವರ ತಟ್ಟೆ ಅವರವರೇ ತೊಳೆಯುವುದು’ ಎಂದರು. ಅಂದಿನವರೆಗೆ ನಮ್ಮ ಮನೆಯಲ್ಲಿ ಹಾಗೇನೂ ಇರಲಿಲ್ಲ. ಆ ರಾತ್ರಿಯಿಂದ ಗಂಡಸರೂ ತಟ್ಟೆ ತೊಳೆದರು.

ಆ ಹುಡುಗಿ ನಸುಕಿನಲ್ಲೇ ಎದ್ದು ಕೂತಿರುತ್ತಿದ್ದಳು. ‘ಆಂಟಿ, ಇಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ?’ ಎಂದು ಕೇಳಿದಳು. ಬಾವಿ ತೋರಿಸಿದೆ. ಯಾವಾಗ ಬೇಕಾದರೂ ಸೇದಬಹುದೇ ಎಂದು ಇನ್ನೊಮ್ಮೆ ಕೇಳಿ, ಅದು ಖಚಿತವಾದ ಮೇಲೆಯೇ ಹೋಗಿ ಮತ್ತೆ ಮಲಗಿದಳು.

ಬಾವಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ, ಅಪಾಯವೂ ಅಲ್ಲೇ ಇದೆ. ರೈಲು ಹಳಿ, ಸಿಗ್ನಲ್, ಜನಜಂಗುಳಿ ಎಲ್ಲವನ್ನೂ ನಿಭಾಯಿಸುವ ಮುಂಬಯಿಯ ಮಕ್ಕಳಿಗೆ ಕಟ್ಟೆಯಿಲ್ಲದ ಬಾವಿ, ಕೆರೆ, ಹೊಳೆ, ಸಮುದ್ರದ ಅಂದಾಜು ಇರುವುದಿಲ್ಲ. ಈಜು ಬಲ್ಲ ದೊಡ್ಡವರೊಬ್ಬರು ಜೊತೆಗಿಲ್ಲದೆ ನೀರಿನ ಹತ್ತಿರ ಬಿಡಬೇಡಿ. ಕತ್ತಲಾದ ಮೇಲೆ ಅಂಗಳಕ್ಕೆ ಇಳಿಯುವುದಾದರೆ ಕಾಲಿಗೆ ಚಪ್ಪಲಿ, ಕೈಯಲ್ಲಿ ಟಾರ್ಚ್. ಹಾವು ಕಚ್ಚಿದರೆ ಔಷಧ ಸಿಗುವ ಆಸ್ಪತ್ರೆ ಯಾವುದು ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಚುಚ್ಚುಮದ್ದು ಕೊಡಿಸಿ.

ಮಲಗುವ ವ್ಯವಸ್ಥೆಯನ್ನೂ ಮುಂಚೆಯೇ ಗೊತ್ತುಮಾಡಿ: ನಿಮ್ಮ ಮಗಳ ಪಕ್ಕ, ನಿಮ್ಮ ಕೋಣೆಯಲ್ಲಿ. ರಜೆಯ ಮನೆಗೆ ಬಂದು ಹೋಗುವ ನೆಂಟರಲ್ಲಿ ಯಾರ ಜೊತೆಯೂ ಅವಳನ್ನು ಒಂಟಿಯಾಗಿ ಕಳಿಸಬೇಡಿ, ಅಂಗಡಿಗೂ ಬೇಡ. ದಿನಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡಿಕೊಟ್ಟು ನೀವು ಆಚೆ ಹೋಗಿ. ನಿಮ್ಮ ಎದುರು ಹೇಳಲಾಗದ್ದನ್ನು ಅವಳು ಅಮ್ಮನಿಗೆ ಹೇಳಲು ಸಾಧ್ಯವಾಗಬೇಕು. 1098 ಮಕ್ಕಳ ಸಹಾಯವಾಣಿ ಎಂಬುದು ಇಬ್ಬರು ಹುಡುಗಿಯರಿಗೂ ಬಾಯಿಪಾಠವಾಗಿರಲಿ. ಆ ಸಹಾಯವಾಣಿ 1996ರಲ್ಲಿ ಮುಂಬಯಿಯಲ್ಲೇ ಹುಟ್ಟಿದ್ದು.

ಊಟದಲ್ಲಿ ಹೊಂದಾಣಿಕೆ ಬೇಕಾಗುತ್ತದೆ. ಜೋಳದ ರೊಟ್ಟಿ ಉಂಡು ಬೆಳೆದವಳಿಗೆ ಕುಚ್ಚಲಕ್ಕಿ ಅನ್ನ ಮೊದಲೆರಡು ದಿನ ಹಿಡಿಸದಿರಬಹುದು. ಜೋಳದ ಹಿಟ್ಟು ಒಂದು ಕಿಲೋ ಜೊತೆಗೆ ಒಯ್ಯಿರಿ. ರೊಟ್ಟಿ ತಟ್ಟುವುದನ್ನು ಅವಳ ಅಮ್ಮನಿಂದ ನೀವೇ ಕಲಿತುಕೊಂಡು ಹೋದರೆ ಇನ್ನೂ ಒಳ್ಳೆಯದು. ಫೋಟೊ ತೆಗೆದು ಅವಳ ಅಮ್ಮನಿಗೆ ಕಳಿಸಿ. ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಫೇಸ್‌ಬುಕ್‌ಗೂ ಅದು ಬೇಡ. ಶಾಲೆ ತೆರೆದ ಮೇಲೆ ಅವಳು ಸಹಪಾಠಿಗಳಿಗೆ ‘ರಜೆಯಲ್ಲಿ ಗೆಳತಿಯ ಊರಿಗೆ ಹೋಗಿದ್ದೆ’ ಎನ್ನುವಂತಿರಬೇಕು.

ಹಿಂದಿರುಗಿದ ದಿನ ಅವಳನ್ನು ನೀವೇ ಅವಳ ಮನೆಗೆ ಬಿಟ್ಟು ಬನ್ನಿ, ಸ್ವಲ್ಪ ಹೊತ್ತು ಕುಳಿತು ಬನ್ನಿ. ಎಲ್ಲಿ ಬಿದ್ದಳು, ಏನು ಉಂಡಳು, ಯಾವ ರಾತ್ರಿ ಅತ್ತಳು, ಎಲ್ಲವನ್ನೂ ತಾಯಿಗೆ ಹೇಳಿ. ಅವಳ ಕೈಗೆ ದುಬಾರಿ ಉಡುಗೊರೆ ಕೊಟ್ಟು ಮನೆಯಲ್ಲಿರುವ ತಮ್ಮ ತಂಗಿಯರನ್ನು ಅಳಿಸಬೇಡಿ. ಹಲಸಿನ ಹಪ್ಪಳ, ಮಾವಿನ ಹಣ್ಣು ಎಲ್ಲರಿಗೂ ಆಗುವಷ್ಟಿರಲಿ. ಮುಂದಿನ ವರ್ಷವೂ ಕರೆಯುವ ಮನಸ್ಸಿದ್ದರೆ ಮಾತ್ರ ಮುಂದಿನ ವರ್ಷದ ಮಾತಾಡಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆ ಸ್ನೇಹ ಭಾನುವಾರಗಳಲ್ಲಾದರೂ ಮುಂದುವರಿಯಲಿ, ಇಲ್ಲದಿದ್ದರೆ ತಾನೇನು ತಪ್ಪು ಮಾಡಿದೆ ಎಂದು ಆ ಮಗು ಹುಡುಕುತ್ತಾ ಕೂರುತ್ತದೆ.

ಟಿಕೆಟಿನ ವಿಷಯ ಮರೆಯಬೇಡಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಕರಾವಳಿಗೆ ಹೋಗುವ ಮತ್ಸ್ಯಗಂಧಾ ರೈಲು ಮೇ ತಿಂಗಳಿಗೆ ಬುಕಿಂಗ್ ತೆರೆದ ದಿನವೇ ತುಂಬಿಬಿಡುತ್ತದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಅವಳಿಗೆ ಪೂರ್ತಿ ದರ ಕೊಟ್ಟು ಬರ್ತ್ ತೆಗೆಯಿರಿ. ಮೇ ಮೊದಲ ವಾರ ಹೊರಡುವುದಾದರೆ ಮಾರ್ಚ್ ಮೊದಲ ವಾರದಲ್ಲಿ ಟಿಕೆಟ್ ಮಾಡಬೇಕು. ಅಂದರೆ ಅವಳ ಅಮ್ಮನ ಮನೆಗೆ ನೀವು ಹೋಗಿ ಮಾತಾಡಬೇಕಾದದ್ದು ಫೆಬ್ರವರಿಯಲ್ಲಿ.