ತೊಡೆ ಉರಿದರೆ ಬೆಲ್ಟ್ ನೋಡಿ

ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಬೆರಳು ತಾಗುವ ಜಾಗ ಇದೆಯಲ್ಲ, ತೊಡೆಯ ಹೊರಮೈ, ತೊಂದರೆ ಅಲ್ಲೇ ಶುರುವಾಗುತ್ತದೆ. ಮೊದಲು ಸುಮ್ನೆ ಜೋಮು ಹಿಡಿದ ಹಾಗೆ. ಆಮೇಲೆ ಉರಿ. ಒಮ್ಮೊಮ್ಮೆ ಸೂಜಿ ಚುಚ್ಚಿದ ಹಾಗೆ. ಬಟ್ಟೆ ಸವರಿದರೂ ತಡೆಯಲಾಗದು. ಆದರೆ ಅದೇ ಜಾಗವನ್ನು ಚಿವುಟಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮರಗಟ್ಟಿದ ಚರ್ಮವೇ ಉರಿಯುವುದು ವಿಚಿತ್ರ ಅಲ್ವಾ?

ಸ್ನಾಯು ಹಿಡಿದುಕೊಂಡಿದೆ ಅಂದುಕೊಂಡು ತುಂಬ ಜನ ಮುಲಾಮು ಹಚ್ಚಿ ತಿಕ್ಕುತ್ತಾರೆ. ಪ್ರಯೋಜನವಾಗದಿದ್ದಾಗ ಗಾಬರಿಯಾಗುತ್ತಾರೆ. ಸಹಜವೇ. ಆದರೆ ಇಲ್ಲಿ ತೊಡೆಯದೇನೂ ತಪ್ಪಿಲ್ಲ.

ಸೊಂಟದ ಮುಂಭಾಗದಲ್ಲಿ, ಪಕ್ಕಕ್ಕೆ, ಒಂದು ಮೂಳೆಯ ಮೊನೆ ಕೈಗೆ ಸಿಗುತ್ತದೆ. ಅಲ್ಲಿಂದ ತೊಡೆಸಂದಿನ ಗುಂಟ ಒಂದು ಬಿಗಿಯಾದ ಪಟ್ಟಿ ಇಳಿಯುತ್ತದೆ, ಇಂಗ್ವೈನಲ್ ಲಿಗಮೆಂಟ್ ಅಂತ ಅದರ ಹೆಸರು. ಬೆನ್ನಿನ ಕೆಳಭಾಗದಿಂದ ಹೊರಟ ತೆಳ್ಳನೆಯ ನರವೊಂದು ಈ ಮೊನೆಯ ಪಕ್ಕದಲ್ಲೇ, ಸಾಮಾನ್ಯವಾಗಿ ಪಟ್ಟಿಯ ಅಡಿಯಲ್ಲಿ ನುಸುಳಿ, ಥಟ್ಟನೆ ಬಾಗಿ ತೊಡೆಯ ಚರ್ಮಕ್ಕೆ ಇಳಿಯುತ್ತದೆ. ಜಾಗ ಇಕ್ಕಟ್ಟು. ಸಿಕ್ಕಿಕೊಳ್ಳುವುದೂ ಇಲ್ಲೇ. ನರ ದಾರಿಯಲ್ಲಿ ಎಲ್ಲಿ ಅದುಮಿದೆ ಅಂತ ಮಿದುಳಿಗೆ ಗೊತ್ತಾಗುವುದಿಲ್ಲ, ನರದ ತುದಿ ಇರುವ ಚರ್ಮದಲ್ಲೇ ಉರಿ ಇದೆ ಅಂದುಕೊಳ್ಳುತ್ತದೆ. ಸಮಾಧಾನದ ವಿಷಯವೂ ಒಂದಿದೆ: ಈ ನರಕ್ಕೆ ಸ್ಪರ್ಶ ತಿಳಿಸುವ ಕೆಲಸ ಮಾತ್ರ. ಸ್ನಾಯುಗಳನ್ನು ಆಡಿಸುವುದು ಬೇರೆ ನರಗಳು. ಹಾಗಾಗಿ ಕಾಲಿನ ಬಲ ಹೋಗುವುದಿಲ್ಲ.

ಇದಕ್ಕೆ ಮೆರಾಲ್ಜಿಯಾ ಪ್ಯಾರಸ್ಥೆಟಿಕಾ ಎನ್ನುತ್ತಾರೆ. ಗ್ರೀಕಿನಲ್ಲಿ 'ಮೆರೋಸ್' ಎಂದರೆ ತೊಡೆ, 'ಆಲ್ಗೋಸ್' ಎಂದರೆ ನೋವು. 1895ರಲ್ಲಿ ಜರ್ಮನಿಯ ಬರ್ನ್‌ಹಾರ್ಟ್ ಮತ್ತು ರಷ್ಯಾದ ರೋಥ್ ಎಂಬ ವೈದ್ಯರಿಬ್ಬರೂ ಇದರ ಬಗ್ಗೆ ಬರೆದರು. ಬಿಗಿ ಬೆಲ್ಟ್ ಕಟ್ಟಿ ಕುದುರೆ ಏರುವ ಸೈನಿಕರಲ್ಲಿ ರೋಥ್ ಇದನ್ನು ಗಮನಿಸಿದ್ದರು. ಅದೇ ವರ್ಷ ಸಿಗ್ಮಂಡ್ ಫ್ರಾಯ್ಡ್ ತಮಗೇ ಇದು ಬಂದದ್ದನ್ನು ಬರೆದುಕೊಂಡರು.

ಈಗ ಕುದುರೆ ಇಲ್ಲ, ಬೆಲ್ಟ್ ಇದೆ. ಬಿಗಿ ಜೀನ್ಸ್, ಸೊಂಟಕ್ಕೆ ತೂಗುಹಾಕುವ ಭಾರದ ಸಾಮಾನು, ಮುಂದೆ ಬಂದ ಹೊಟ್ಟೆ, ಗರ್ಭಿಣಿಯರಲ್ಲಿ ಬೆಳೆಯುವ ಹೊಟ್ಟೆ, ಎಲ್ಲವೂ ಅದೇ ಜಾಗವನ್ನು ಒತ್ತುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ. ಶಸ್ತ್ರಚಿಕಿತ್ಸೆಗೆಂದು ತುಂಬ ಹೊತ್ತು ಬೋರಲು ಮಲಗಿಸಿದವರಲ್ಲೂ ಕಾಣಿಸಿಕೊಳ್ಳುತ್ತದೆ.

ವೈದ್ಯರ ಬಳಿ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಪೆನ್ನು ಹಿಡಿದು, ಸ್ಪರ್ಶ ಮಂದವಾಗಿರುವ ಜಾಗದ ಸುತ್ತ ತೊಡೆಯ ಮೇಲೇ ಗೆರೆ ಎಳೆಯಿರಿ. ಈ ನರದ್ದೇ ತೊಂದರೆಯಾದರೆ ಆ ಗೆರೆ ತೊಡೆಯ ಹೊರಬದಿಯಲ್ಲೇ ಇರುತ್ತದೆ, ಮಂಡಿಯಿಂದ ಕೆಳಗೆ ಇಳಿಯುವುದಿಲ್ಲ. ಆ ಗೆರೆ ವೈದ್ಯರಿಗೆ ಬಹಳಷ್ಟು ಹೇಳುತ್ತದೆ. ಅವರು ಕಾಲಿನ ಬಲ ನೋಡುತ್ತಾರೆ, ಮಂಡಿಗೆ ಸುತ್ತಿಗೆ ತಟ್ಟಿ ನೋಡುತ್ತಾರೆ. ಎರಡೂ ಸರಿ ಇರುತ್ತವೆ. ಅನುಮಾನ ಉಳಿದರೆ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ಉರಿ ನಿಂತಿತೋ, ಅಪರಾಧಿ ಸಿಕ್ಕಿತು.

ಆದರೆ ಕಾಲು ಸೋತರೆ, ನೋವು ಬೆನ್ನಿನಿಂದ ಪಾದದವರೆಗೆ ಹರಿದರೆ, ಎರಡು ಕಾಲುಗಳ ನಡುವಿನ ಜಾಗವೇ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಇದು ಬೇರೆ ಸಂಗತಿ. ಕಾಲುಗಳ ನಡುವಿನ ಜಾಗ ಮರಗಟ್ಟಿದಾಗ, ಹಿಡಿತ ತಪ್ಪಿದಾಗ ಒಂದು ದಿನವೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೆಲ್ಟ್ ಸಡಿಲಿಸುವುದು. ಇಷ್ಟು ಸರಳವಾದದ್ದನ್ನೇ ಜನ ನಂಬುವುದಿಲ್ಲ! ಸೊಂಟ ಬಿಗಿಯದ ಬಟ್ಟೆ ಹಾಕಿ. ತುಂಬ ಹೊತ್ತು ನಿಂತಾಗ ಉರಿ ಏರಿದರೆ ನಡುನಡುವೆ ಕುಳಿತುಕೊಳ್ಳಿ. ತೂಕ ಜಾಸ್ತಿ ಇದ್ದರೆ ನಿಧಾನವಾಗಿ ಇಳಿಸಿ. ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಷ್ಟರಿಂದಲೇ ಗುಣವಾಗುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿಯೇ ಹೋಗುತ್ತದೆ. ಉರಿ ತಡೆಯಲಾಗದಿದ್ದರೆ ನರದ ನೋವಿಗೆಂದೇ ಕೊಡುವ ಗ್ಯಾಬಾಪೆಂಟಿನ್‌ನಂಥ ಮಾತ್ರೆಗಳಿವೆ, ನರದ ಬಳಿ ಸ್ಟೀರಾಯ್ಡ್ ಇಂಜೆಕ್ಷನ್ ಇದೆ.

ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವೇ ಜನರಿಗೆ. ನರದ ಮೇಲಿನ ಬಿಗಿಯನ್ನು ಬಿಡಿಸುತ್ತಾರೆ, ಇಲ್ಲವೇ ನರವನ್ನೇ ಕತ್ತರಿಸುತ್ತಾರೆ. ಕತ್ತರಿಸಿದರೆ ಆ ಚರ್ಮದ ತುಂಡು ಸಾಮಾನ್ಯವಾಗಿ ಮುಂದೆಯೂ ಮರಗಟ್ಟಿಯೇ ಇರುತ್ತದೆ. ವರ್ಷಗಟ್ಟಲೆ ಉರಿ ತಿಂದವರಲ್ಲಿ ಕೆಲವರು ಅದಕ್ಕೂ ಒಪ್ಪುತ್ತಾರೆ.