ಸಮಿಜ್‌ದಾತ್: ಓದಿದವರೇ ಅಚ್ಚು ಹಾಕಬೇಕು

ಸೋವಿಯತ್ ರಷ್ಯಾದಲ್ಲಿ ಓಡಾಡುತ್ತಿದ್ದ ಒಂದು ಜೋಕ್ ಇದೆ. ಅಜ್ಜಿಯೊಬ್ಬಳು ರಾತ್ರಿಯಿಡೀ ಕೂತು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯನ್ನು ಟೈಪ್ ಹೊಡೆಯುತ್ತಿದ್ದಾಳೆ. ಅದೇನು ಹತ್ತಿಪ್ಪತ್ತು ಪುಟದ್ದಲ್ಲ, ಸಾವಿರ ದಾಟುತ್ತದೆ. “ಅಂಗಡಿಯಲ್ಲೇ ಸಿಗುತ್ತಲ್ಲಜ್ಜಿ, ಯಾಕೆ ಕಷ್ಟಪಡ್ತೀಯ?” ಎಂದು ಯಾರೋ ಕೇಳುತ್ತಾರೆ. “ಏನು ಮಾಡ್ಲಪ್ಪ, ನಮ್ಮ ಮೊಮ್ಮಗಳು ಸಮಿಜ್‌ದಾತ್ ಬಿಟ್ಟು ಬೇರೇನೂ ಮುಟ್ಟಲ್ಲ” ಅನ್ನುತ್ತಾಳೆ.

ನಗು ಬರಬೇಕಾದರೆ ಪದ ಗೊತ್ತಿರಬೇಕು, ಅಲ್ವಾ? ರಷ್ಯನ್ ಭಾಷೆಯಲ್ಲಿ ‘ಸಮ್’ ಅಂದರೆ ತಾನೇ, ಸ್ವತಃ. ‘ಇಜ್‌ದಾತ್’ ಎಂಬುದು ಪ್ರಕಾಶನ ಎಂಬ ಅರ್ಥದ ಪದದ ತುಂಡು. ಎಷ್ಟೋ ಸರ್ಕಾರಿ ಪ್ರಕಾಶನ ಸಂಸ್ಥೆಗಳ ಹೆಸರು ಈ ಬಾಲದಿಂದಲೇ ಮುಗಿಯುತ್ತಿದ್ದವು: ಗೋಸ್‌ಇಜ್‌ದಾತ್, ಪೊಲಿತ್‌ಇಜ್‌ದಾತ್, ಹೀಗೆ. 1940ರ ದಶಕದಲ್ಲಿ ನಿಕೊಲಾಯ್ ಗ್ಲಾಜ್‌ಕೊವ್ ಎಂಬ ಕವಿ, ಯಾರೂ ಅಚ್ಚು ಹಾಕದ ತನ್ನ ಪದ್ಯಗಳನ್ನು ತಾನೇ ಟೈಪ್ ಮಾಡಿ ಹೊಲಿದುಕೊಂಡ. ಪ್ರಕಾಶಕರ ಹೆಸರಿರಬೇಕಾದ ಜಾಗದಲ್ಲಿ ‘ಸಮ್‌ಸೆಬ್ಯಾಇಜ್‌ದಾತ್’ ಎಂದು ಬರೆದ. ‘ನನಗೆ ನಾನೇ ಪ್ರಕಾಶನ’ ಅಂದಹಾಗೆ. ಸರ್ಕಾರವನ್ನು ಸುಮ್ನೆ ಅಣಕಿಸಿದ್ದು ಅಷ್ಟೇ. ಮುಂದೆ ಪದ ‘ಸಮಿಜ್‌ದಾತ್’ ಎಂದು ಚಿಕ್ಕದಾಯಿತು, ಸರ್ಕಾರ ಅಚ್ಚು ಹಾಕಲು ಬಿಡದ ಬರಹವನ್ನು ಓದುಗರೇ ಟೈಪ್ ಮಾಡಿ ಗುಟ್ಟಾಗಿ ಹಂಚುವುದಕ್ಕೆ ಹೆಸರಾಯಿತು. ಅದನ್ನು ಮಾಡಿದವರ ಶಿಕ್ಷೆ ಮಾತ್ರ ದೊಡ್ಡದಾಯಿತು.

ಆ ದೇಶದಲ್ಲಿ ಅಚ್ಚಾಗುವ ಪ್ರತಿ ಸಾಲಿಗೂ ಸೆನ್ಸಾರ್ ಇಲಾಖೆಯ ಒಪ್ಪಿಗೆ ಬೇಕಿತ್ತು. ಅಚ್ಚಿನ ಯಂತ್ರ ಖಾಸಗಿಯವರ ಬಳಿ ಇರುವಂತಿರಲಿಲ್ಲ. ಜೆರಾಕ್ಸ್ ಯಂತ್ರ ಬಂದ ಮೇಲೆ ಅದನ್ನೂ ಬೀಗ ಹಾಕಿದ ಕೋಣೆಯಲ್ಲಿಟ್ಟರು. ಮನೆಯಲ್ಲಿ ಇಟ್ಟುಕೊಳ್ಳಬಹುದಾಗಿದ್ದುದು ಟೈಪ್‌ರೈಟರ್ ಒಂದೇ. ಆ ಒಂದು ಕಿಂಡಿಯಲ್ಲೇ ಇಷ್ಟೆಲ್ಲ ನಡೆದದ್ದು.

ನಾನು ಎಸ್ಸೆಸ್ಸೆಲ್ಸಿ ರಜೆಯಲ್ಲಿ ಟೈಪಿಂಗ್ ಕಲಿಯಲು ಹೋದವನು. ಕಾರ್ಬನ್ ಹಾಳೆ ಇಟ್ಟು ಹೊಡೆದವರಿಗೆ ಇದು ಗೊತ್ತು: ಮೊದಲ ಹಾಳೆ ಚೆನ್ನಾಗಿರುತ್ತದೆ, ಎರಡನೆಯದು ಪರವಾಗಿಲ್ಲ, ನಾಲ್ಕನೆಯದರಲ್ಲಿ ಅಕ್ಷರಕ್ಕೆಲ್ಲ ಮಂಜು ಕವಿದಿರುತ್ತದೆ. ಕೀಲಿಯನ್ನು ಬೆರಳು ನೋಯುವಷ್ಟು ಬಲವಾಗಿ ಕುಟ್ಟಬೇಕು. ತಪ್ಪಾದರೆ ಅಷ್ಟೂ ಹಾಳೆಯಲ್ಲಿ ತಪ್ಪು. ಸಮಿಜ್‌ದಾತ್ ಎಂದರೆ ಇದೇ ಕೆಲಸ, ಮುನ್ನೂರು ಪುಟ. ಸಿಗರೇಟ್ ಸುತ್ತುವಂಥ ತೆಳು ಕಾಗದ ಸಿಕ್ಕರೆ ಒಂದೆರಡು ಪ್ರತಿ ಜಾಸ್ತಿ ಬರುತ್ತಿತ್ತು. ಆ ಪ್ರತಿಗಳು ಗೆಳೆಯರ ಕೈಗೆ ಹೋಗುತ್ತವೆ. ಎಷ್ಟೋ ಸಲ ಒಂದೇ ರಾತ್ರಿಯ ಗಡುವು. ಒಂದು ಕೋಣೆಯಲ್ಲಿ ನಾಲ್ಕೈದು ಜನ ಕೂತು, ಒಬ್ಬರು ಓದಿ ಮುಗಿಸಿದ ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾ ಬೆಳಗು ಮಾಡುತ್ತಿದ್ದರು. ಇಷ್ಟವಾದವರು ಮತ್ತೆ ಕಾರ್ಬನ್ ಇಟ್ಟು ಟೈಪ್ ಮಾಡುತ್ತಿದ್ದರು. ಆ ನಾಲ್ಕು ಇಪ್ಪತ್ತಾಗುತ್ತಿತ್ತು. ನಮ್ಮ ತಾಳೆಗರಿಯ ಲಿಪಿಕಾರರು ಕೊನೆಯ ಗರಿಯಲ್ಲಿ ‘ತಪ್ಪಿದ್ದರೆ ತಿದ್ದಿಕೊಂಡು ಓದಿ’ ಎಂದು ಕೇಳಿಕೊಳ್ಳುತ್ತಿದ್ದರಲ್ಲ, ಅದೇ ಪಾಡು ಇಲ್ಲೂ. ಕೈಯಿಂದ ಕೈಗೆ ಹೋದಂತೆ ತಪ್ಪುಗಳೂ ಮರಿ ಹಾಕುತ್ತಿದ್ದವು.

ಹಾಳೆ ಇಟ್ಟುಕೊಳ್ಳಲೂ ಹೆದರಿಕೆಯಾಗುವ ಕಾಲವೊಂದು ಇದಕ್ಕೂ ಮೊದಲು ಇತ್ತು. ಕವಿ ಅನ್ನಾ ಅಖ್ಮಾತೊವಾ ಅವರ ಮಗ ಲೆವ್‌ನನ್ನು 1938ರಲ್ಲಿ ಹಿಡಿದು ಜೈಲಿಗೆ ಹಾಕಿದರು. ಲೆನಿನ್‌ಗ್ರಾಡ್‌ನ ಜೈಲಿನ ಹೊರಗೆ ಗಂಟೆಗಟ್ಟಲೆ ಸಾಲು ನಿಂತ ತಾಯಂದಿರ ಬಗ್ಗೆ ಆಕೆ ‘ರೆಕ್ವಿಯೆಮ್’ ಎಂಬ ಕವಿತೆ ಬರೆದರು. ಆದರೆ ಗೋಡೆಗೂ ಕಿವಿ ಇತ್ತು. ಗೆಳತಿ ಲಿಡಿಯಾ ಚುಕೊವ್‌ಸ್ಕಯಾ ಬಂದಾಗ ಅಖ್ಮಾತೊವಾ ಚಾವಣಿ ಕಡೆ ಕಣ್ಣು ಹಾಯಿಸಿ, “ಟೀ ಕುಡೀತೀರಾ?” ಎಂದು ಜೋರಾಗಿ ಕೇಳುತ್ತಿದ್ದರು. ಹಾಗೆ ಕೇಳುತ್ತಲೇ ಚೂರು ಕಾಗದದ ಮೇಲೆ ನಾಲ್ಕು ಸಾಲು ಗೀಚಿ ಮುಂದಕ್ಕೆ ತಳ್ಳುತ್ತಿದ್ದರು. ಲಿಡಿಯಾ ಓದಿ, ಬಾಯಿಪಾಠ ಮಾಡಿಕೊಂಡು, ತುಟಿ ಬಿಚ್ಚದೆ ವಾಪಸ್ ಕೊಡಬೇಕು. “ಈ ವರ್ಷ ಚಳಿ ಬೇಗ ಶುರುವಾಯ್ತು” ಎನ್ನುವಂಥ ಏನೋ ಒಂದು ಮಾತು ಗೋಡೆಗೆ ಕೇಳುವಂತೆ. ಆಮೇಲೆ ಅಖ್ಮಾತೊವಾ ಕಡ್ಡಿ ಗೀರಿ ಕಾಗದವನ್ನು ಆ್ಯಶ್‌ಟ್ರೇಯಲ್ಲಿ ಸುಡುತ್ತಿದ್ದರು. ಹಾಗೆ ನಾಲ್ಕಾರು ಜನರ ನೆನಪಿನಲ್ಲಷ್ಟೇ ಇದ್ದ ಆ ಕವಿತೆ 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು. ಸೋವಿಯತ್ ನೆಲದಲ್ಲಿ ಅಚ್ಚಾಗಲು 1987 ಬರಬೇಕಾಯಿತು. ಇದನ್ನು ಸಮಿಜ್‌ದಾತ್ ಅನ್ನಬಹುದೇ ಎಂದು ಪಂಡಿತರು ವಾದ ಮಾಡಲಿ. ನನಗಂತೂ ಇದು ಅದರ ತಾಯಿಬೇರು.

ಸಿಕ್ಕಿಬಿದ್ದರೆ ಏನಾಗುತ್ತಿತ್ತು? ‘ಸೋವಿಯತ್ ವಿರೋಧಿ ಪ್ರಚಾರ’ದ 70ನೇ ಕಲಂ ಪ್ರಕಾರ 7 ವರ್ಷ ಕೈದಿಗಳ ದುಡಿಮೆ ಶಿಬಿರ, ಮೇಲೆ 5 ವರ್ಷ ಗಡೀಪಾರು ಬೀಳಬಹುದಿತ್ತು. ಟೈಪ್‌ರೈಟರಿನ ಸದ್ದು ತೆಳು ಗೋಡೆ ದಾಟಿ ಪಕ್ಕದ ಮನೆಗೆ ಕೇಳುತ್ತಿತ್ತು. ಒಂದೊಂದು ಯಂತ್ರದ ಅಕ್ಷರಕ್ಕೂ ಬೆರಳ ಗುರುತಿನ ಹಾಗೆ ಒಂದು ಸೊಟ್ಟ ಇರುತ್ತದೆ, ಅದನ್ನು ಹಿಡಿದು ಪೊಲೀಸರು ಯಂತ್ರ ಪತ್ತೆ ಹಚ್ಚುತ್ತಿದ್ದರು. ವಾಸಿಲಿ ಗ್ರಾಸ್‌ಮನ್ ಎಂಬ ಕಾದಂಬರಿಕಾರ ಕದ್ದುಮುಚ್ಚಿ ಏನೂ ಮಾಡಿರಲಿಲ್ಲ. ತನ್ನ ಕಾದಂಬರಿಯನ್ನು ನೇರವಾಗಿ ಪತ್ರಿಕೆಯೊಂದಕ್ಕೇ ಕೊಟ್ಟಿದ್ದ. 1961ರ ಫೆಬ್ರವರಿಯಲ್ಲಿ ಗುಪ್ತ ಪೊಲೀಸ್ ಪಡೆ ಕೆಜಿಬಿಯವರು ಬಂದು ಹಸ್ತಪ್ರತಿ ಒಯ್ದರು. ಜೊತೆಗೆ ಬಳಸಿದ ಕಾರ್ಬನ್ ಹಾಳೆ, ಟೈಪ್‌ರೈಟರಿನ ರಿಬ್ಬನ್ ಕೂಡ. ಆತ 1964ರಲ್ಲಿ ತೀರಿಕೊಂಡ. ಗೆಳೆಯನೊಬ್ಬ ಬಚ್ಚಿಟ್ಟಿದ್ದ ಒಂದು ಪ್ರತಿ ಉಳಿದಿತ್ತು. ಅದನ್ನು ಮೈಕ್ರೋಫಿಲ್ಮ್ ಮಾಡಿ ಗಡಿ ದಾಟಿಸಿದರು. ಪುಸ್ತಕ 1980ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಬಂತು.

ಸಮಿಜ್‌ದಾತ್ ಅಂದರೆ ಬರೀ ಕಥೆ ಕವಿತೆ ಅಲ್ಲ. 1968ರ ಏಪ್ರಿಲ್ 30ರ ತಾರೀಕು ಹೊತ್ತು ‘ಸದ್ಯದ ಘಟನೆಗಳ ವರದಿ’ ಎಂಬ ಟೈಪ್ ಮಾಡಿದ ಪತ್ರಿಕೆ ಶುರುವಾಯಿತು. ಯಾರನ್ನು ಬಂಧಿಸಿದರು, ಯಾವ ಕೋರ್ಟಿನಲ್ಲಿ ಏನಾಯಿತು, ಯಾರ ಮನೆ ಜಾಲಾಡಿದರು ಎಂಬ ಒಣ ಸುದ್ದಿ ಅದರಲ್ಲಿ. ಬೈಗುಳ ಇಲ್ಲ, ಭಾಷಣ ಇಲ್ಲ. ಮೊದಲ ಸಂಚಿಕೆ ಮಾಡಿದ ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಯಾ ಆಗ ತುಂಬು ಗರ್ಭಿಣಿ. ಸೋವಿಯತ್ ಸರ್ಕಾರ ಚೆಕೊಸ್ಲೊವಾಕಿಯಾಕ್ಕೆ ಟ್ಯಾಂಕ್ ನುಗ್ಗಿಸಿದ್ದನ್ನು ಖಂಡಿಸಿ ಅದೇ ವರ್ಷ ಆಗಸ್ಟ್ 25ರಂದು ಎಂಟು ಜನ ಮಾಸ್ಕೋದ ಕೆಂಪು ಚೌಕದಲ್ಲಿ ಕೂತರಲ್ಲ, ಅವರಲ್ಲಿ ಈಕೆಯೂ ಒಬ್ಬರು. ಮೂರು ತಿಂಗಳ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಬ್ಯಾನರ್ ಇದ್ದದ್ದೂ ಆ ಗಾಡಿಯಲ್ಲೇ. 1969ರ ಡಿಸೆಂಬರಿನಲ್ಲಿ ಆಕೆಯನ್ನು ಹಿಡಿದು, ಆಮೇಲೆ ಹುಚ್ಚಾಸ್ಪತ್ರೆಗೆ ಹಾಕಿದರು. 1972ರಲ್ಲಿ ಬಿಟ್ಟರು. ಪತ್ರಿಕೆ ಮಾತ್ರ ಬೇರೆಯವರ ಕೈಯಲ್ಲಿ 1983ರವರೆಗೂ ನಡೆಯಿತು.

ಅದಕ್ಕೆ ವಿಳಾಸವಿರಲಿಲ್ಲ. ಹಾಗಾದರೆ ಸುದ್ದಿ ಕಳಿಸುವುದು ಹೇಗೆ? ಉತ್ತರ ಪತ್ರಿಕೆಯಲ್ಲೇ ಇತ್ತು. ನಿಮಗೆ ಪ್ರತಿ ಕೊಟ್ಟವರಿಗೆ ಸುದ್ದಿ ಹೇಳಿ, ಅವರು ತಮಗೆ ಕೊಟ್ಟವರಿಗೆ ಹೇಳುತ್ತಾರೆ. ಆದರೆ ಸರಪಳಿಯ ತುದಿ ಹುಡುಕಿಕೊಂಡು ಹೋಗಬೇಡಿ, ನಿಮ್ಮನ್ನೇ ಗೂಢಚಾರ ಅಂದುಕೊಂಡಾರು. ಎಷ್ಟು ಸರಳ ನೋಡಿ. ಪತ್ರಿಕೆ ಬಂದ ದಾರಿಯಲ್ಲೇ ಸುದ್ದಿ ಹಿಂದಕ್ಕೆ ಹತ್ತುತ್ತದೆ.

ಈ ಪದಕ್ಕೆ ಅಕ್ಕತಂಗಿಯರೂ ಹುಟ್ಟಿದರು. ‘ತಮ್’ ಅಂದರೆ ಅಲ್ಲಿ. ಹಸ್ತಪ್ರತಿ ಗಡಿಯಾಚೆ ಅಚ್ಚಾದರೆ ಅದು ತಮಿಜ್‌ದಾತ್. ಟೇಪ್ ರೆಕಾರ್ಡರಿನಿಂದ ಟೇಪಿಗೆ ಹಾಡು ಇಳಿಸಿ ಹಂಚಿದರೆ ಮಗ್ನಿತ್‌ಇಜ್‌ದಾತ್. ಅದಕ್ಕೂ ಹಿಂದೆ, ಆಸ್ಪತ್ರೆಯವರು ಬಿಸಾಕಿದ ಎಕ್ಸ್‌ರೇ ಫಿಲ್ಮನ್ನು ದುಂಡಗೆ ಕತ್ತರಿಸಿ ಅದರ ಮೇಲೆ ಹಾಡು ಕೊರೆಯುತ್ತಿದ್ದರು. ಯಾರದೋ ಪಕ್ಕೆಲುಬಿನ ಮೇಲೆ ಜಾಜ್ ಸಂಗೀತ!

ಈಗ ಕೆಲವರು ತಮ್ಮ ಪುಸ್ತಕ ತಾವೇ ಪ್ರಿಂಟ್ ಮಾಡಿಸಿಕೊಂಡರೂ ‘ನಂದು ಸಮಿಜ್‌ದಾತ್’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದು ಸ್ವಂತ ಪ್ರಕಾಶನ, ಅದರಲ್ಲಿ ಹೋಗುವುದು ಜೇಬಿನ ದುಡ್ಡು ಮಾತ್ರ. ‘ಭೂಗತ ಪತ್ರಿಕೆ’ ಅನ್ನೋಣವೇ? ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಮ್ಮಲ್ಲೂ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು ಗುಟ್ಟಾಗಿ ಓಡಾಡಿದವು. ಹತ್ತಿರದ ಸಂಬಂಧಿಯೇ, ಆದರೂ ಅದೇ ಅಲ್ಲ. ಸೈಕ್ಲೋಸ್ಟೈಲ್ ಯಂತ್ರ ಒಂದು ಕಡೆ ಇರುತ್ತದೆ, ಹಿಂದೆ ಒಂದು ಸಂಘಟನೆ ಇರುತ್ತದೆ, ಓದುವವರು ಓದಿ ಮುಂದೆ ದಾಟಿಸಿದರೆ ಆಯಿತು. ಸಮಿಜ್‌ದಾತ್‌ನಲ್ಲಿ ಪುಸ್ತಕ ಓದಿ ಮುಗಿಸಿದವರು ಅಡುಗೆಮನೆಯ ಬಾಗಿಲು ಹಾಕಿ, ಟೈಪ್‌ರೈಟರಿನ ಕೆಳಗೆ ದಪ್ಪ ಬಟ್ಟೆ ಮಡಚಿಟ್ಟು, ಮೊದಲ ಪುಟದಿಂದ ಶುರು ಮಾಡಬೇಕಿತ್ತು.