ಸ್ಟುಡಿಯೊಗೆ ಪತ್ರ ಬರೆದವರಿಗೆ

ಜಪಾನಿನ ಅನಿಮೆ, ಅಂದರೆ ಅನಿಮೇಶನ್ ಸರಣಿಯೊಂದನ್ನು ಕನ್ನಡಕ್ಕೆ ಡಬ್ ಮಾಡಬೇಕು, ಅದರ ಪಾತ್ರಗಳ ಚಿತ್ರವಿರುವ ಟಿ-ಶರ್ಟ್ ಮಾರಬೇಕು ಎಂದು ಸಲಹೆ ಕೇಳಲು ಬರುವವರೆಲ್ಲ ನನ್ನ ಮೇಜಿನ ಮೇಲೆ ಮೊದಲು ಇಡುವುದು, ಆ ಸರಣಿಯ ಚಿತ್ರ ಬಿಡಿಸಿದ ಸ್ಟುಡಿಯೊಗೆ ತಾವು ಬರೆದ ಇಮೇಲ್. ‘ಉತ್ತರವೇ ಬಂದಿಲ್ಲ, ಮೇಡಂ’ ಎಂಬ ದೂರು ಅದರ ಬೆನ್ನಿಗೇ. ಬರುವುದಿಲ್ಲ ಸ್ವಾಮಿ. ನೀವು ಮನೆ ಕಟ್ಟಿದ ಮೇಸ್ತ್ರಿಯ ಬಳಿ ಹೋಗಿ ಮನೆ ಬಾಡಿಗೆಗೆ ಕೇಳುತ್ತಿದ್ದೀರಿ.

ಟಿವಿ ಅನಿಮೆಗಳಲ್ಲಿ ಬಹುಪಾಲು ‘ಸೇಸಾಕು ಈಂಕಾಯ್’ ಎಂಬ ನಿರ್ಮಾಣ ಸಮಿತಿಯ ಸ್ವತ್ತು. ಮೂಲ ಮಾಂಗಾ (ಜಪಾನಿ ಚಿತ್ರಕಥೆ) ಪ್ರಕಟಿಸಿದ ಸಂಸ್ಥೆ, ಟಿವಿ ವಾಹಿನಿ, ಜಾಹೀರಾತು ಏಜೆನ್ಸಿ, ಸಂಗೀತ ಕಂಪನಿ, ಆಟಿಕೆ ತಯಾರಕರು ಆ ಒಂದು ಕೃತಿಗಾಗಿಯೇ ಬಂಡವಾಳ ಹೂಡಿ ಒಂದಾಗುತ್ತಾರೆ. ನಷ್ಟವಾದರೂ ಒಬ್ಬರೇ ಮುಳುಗುವುದಿಲ್ಲ. 1990ರ ದಶಕದಿಂದೀಚೆಗೆ ಬೇರೂರಿದ ಪದ್ಧತಿ ಇದು. ಸ್ಟುಡಿಯೊ ನಿಗದಿತ ಹಣ ಪಡೆದು ಚಿತ್ರ ಮಾಡಿಕೊಡುತ್ತದೆ. ತಾನೂ ಬಂಡವಾಳ ಹಾಕಿರದಿದ್ದರೆ, ಸರಣಿ ಎಷ್ಟೇ ಗೆದ್ದರೂ ಸಾಮಾನ್ಯವಾಗಿ ಲಾಭದಲ್ಲಿ ಪಾಲಿಲ್ಲ.

ಇಷ್ಟಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ, ‘ಸರಿ, ಆ ಸಮಿತಿಯ ವಿಳಾಸ ಕೊಡಿ’ ಎನ್ನುತ್ತಾರೆ! ಬೋರ್ಡು ತೂಗುಹಾಕಿದ ಕಚೇರಿಯಲ್ಲ ಅದು. ಸಾಮಾನ್ಯವಾಗಿ ಜಪಾನಿನ ನಾಗರಿಕ ಸಂಹಿತೆಯಡಿ ಆಗುವ ಪಾಲುದಾರಿಕೆ. ಹಕ್ಕುಗಳ ವಹಿವಾಟನ್ನು ಸದಸ್ಯರು ತಮ್ಮತಮ್ಮಲ್ಲೇ ಹಂಚಿಕೊಂಡಿರುತ್ತಾರೆ: ವಿದೇಶಿ ಪ್ರಸಾರ ಒಬ್ಬರಿಗೆ, ಸರಕುಗಳ ಪರವಾನಗಿ ಇನ್ನೊಬ್ಬರಿಗೆ, ಹಾಡು ಮತ್ತೊಬ್ಬರಿಗೆ. ಹೊಣೆ ಹೊತ್ತ ಕಂಪನಿ ಬಂದ ಆದಾಯದಲ್ಲಿ ತನ್ನ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಸಮಿತಿಗೆ ಒಪ್ಪಿಸುತ್ತದೆ. ಹಾಗಾಗಿ ಡಬ್ಬಿಂಗ್‌ಗೆ ಮಾತಾಡಬೇಕಾದವರು ಒಬ್ಬರು, ಟಿ-ಶರ್ಟಿಗೆ ಇನ್ನೊಬ್ಬರು. ಇದರ ಮೇಲೆ, ಪ್ರಕಾಶಕರ ಮೂಲಕ ಮೂಲ ಲೇಖಕರ ಒಪ್ಪಿಗೆ. ಭಾರತದ ಪ್ರಸಾರ ಹಕ್ಕು ಕ್ರಂಚಿರೋಲ್ ಅಥವಾ ತೈವಾನಿನ ಮ್ಯೂಸ್ ಕಮ್ಯುನಿಕೇಶನ್‌ನಂಥ ವಿತರಕರ ಕೈಗೆ ಆಗಲೇ ಹೋಗಿರುವುದೂ ಉಂಟು. ಆಗ ನೀವು ಮಾತು ಆರಂಭಿಸಬೇಕಾದ್ದು ಟೋಕಿಯೊದಲ್ಲಿ ಅಲ್ಲವೇ ಅಲ್ಲ.

ಒಬ್ಬ ಹುಡುಗ ಬಂದಿದ್ದ. ಯಾವ ಕಂತಿನ ಯಾವ ಕಾದಾಟವನ್ನು ಯಾವ ಕಲಾವಿದರು ಬಿಡಿಸಿದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಸ್ಟುಡಿಯೊದ ನೌಕರರೊಬ್ಬರು ‘ನಿಮ್ಮ ಅಭಿಮಾನಕ್ಕೆ ಧನ್ಯವಾದ’ ಎಂದು ಎರಡು ಸಾಲು ಬರೆದಿದ್ದರಂತೆ. ಅದನ್ನೇ ಅನುಮತಿ ಎಂದುಕೊಂಡು ತಿರುಪ್ಪೂರಿನಲ್ಲಿ ಬಟ್ಟೆಗೆ ಮುಂಗಡ ಕೊಟ್ಟು ಬಂದಿದ್ದ! ಬೈಯಲೂ ಮನಸ್ಸಾಗಲಿಲ್ಲ. ಕಂತಿನ ಕೊನೆಯ ಪಟ್ಟಿಯಲ್ಲಿ ಅಷ್ಟೊಂದು ಹೆಸರು ಓದಿದವನು ಕಾಪಿರೈಟ್ ಚಿಹ್ನೆಯ ಮುಂದಿನ ಸಾಲನ್ನು ಮಾತ್ರ ಬಿಟ್ಟಿದ್ದ. ಲೇಖಕರು, ಪ್ರಕಾಶಕರು, ಸಮಿತಿ ಮೂವರ ಹೆಸರೂ ಅಲ್ಲಿತ್ತು.

ಎರಡನೆಯ ಸೀಸನ್ ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳುವವರೂ ಇದ್ದಾರೆ, ಕರಾರು ಬರೆಯುವವಳಿಗೆ ಅದೆಲ್ಲ ಗೊತ್ತಿರುತ್ತದೆ ಎಂಬಂತೆ! ಒಂದು ಕಾರಣ ಮಾತ್ರ ಊಹಿಸಬಲ್ಲೆ. ಸಮಿತಿಯಲ್ಲಿರುವ ಪ್ರಕಾಶಕರಿಗೆ ಅನಿಮೆ ಎಂದರೆ ಎಷ್ಟೋ ಸಲ ಮಾಂಗಾದ ಜಾಹೀರಾತು. ಪುಸ್ತಕಗಳು ಖರ್ಚಾದರೆ ಅವರ ಕೆಲಸ ಮುಗಿಯಿತು. ಇತರ ಸದಸ್ಯರ ಲೆಕ್ಕ ಬೇರೆ.

ಎಲ್ಲ ಕಡೆ ಹೀಗೇ ಎಂದು ಬರೆದುಕೊಡಲಾರೆ. 2022ರ ‘ಚೈನ್‌ಸಾ ಮ್ಯಾನ್’ ಸರಣಿಗೆ ಮಾಪ್ಪಾ ಸ್ಟುಡಿಯೊ ಪೂರ್ತಿ ಬಂಡವಾಳವನ್ನು ತಾನೇ ಹಾಕಿತು. ಕ್ಯೋಟೊ ಅನಿಮೇಶನ್ ಸ್ಟುಡಿಯೊ ಕಾದಂಬರಿಗಳನ್ನೂ ತಾನೇ ಪ್ರಕಟಿಸಿ, ಅವುಗಳಲ್ಲಿ ಕೆಲವನ್ನು ಅನಿಮೆ ಮಾಡುತ್ತದೆ. ಅಂಥಲ್ಲಿ ಸ್ಟುಡಿಯೊಗೆ ಬರೆದರೂ ಅರ್ಥವಿದ್ದೀತು. ಆದರೂ ಮಾಂಗಾ ಆಧರಿಸಿದ ಸರಣಿಯಾದರೆ ಮೂಲ ಲೇಖಕರನ್ನು ದಾಟಿ ಹೋಗುವಂತಿಲ್ಲ. ನನ್ನಲ್ಲಿಗೆ ಬರುವ ಮುನ್ನ ಆ ಕಾಪಿರೈಟ್ ಸಾಲಿನ ಚಿತ್ರ ತೆಗೆದುಕೊಂಡು ಬನ್ನಿ. ಯಾವ ಹಕ್ಕು, ಯಾವ ಭಾಷೆ, ಎಷ್ಟು ವರ್ಷಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬಟ್ಟೆಗೆ ಮುಂಗಡ ಆಮೇಲೆ ಕೊಡಬಹುದು.